ನಿದ್ದೆಯಲ್ಲೂ ಓಗೊಡುವ ಗುರುಲಿಂಗವ್ವ

ಇಳಕಲ್ಲಿನ ಗುರುಲಿಂಗವ್ವನನ್ನು ಯಾರು ‘ಹೆಂಗದೀಯವಾ’ ಎಂದು ಕೇಳಿದರೂ ಪ್ರಶ್ನೆ ಮುಗಿಯುವ ಮೊದಲೇ ‘ಆರಾಮ’ ಎಂಬ ಉತ್ತರ ಬಂದುಬಿಡುತ್ತದೆ. ಬಾಗಿಲಿಗೆ ಬಂದವರಿಗೂ ಅದೇ, ಫೋನಿನೊಳಗಿನ ಗೆಳತಿಯರಿಗೂ ಅದೇ. ಕಣ್ಣಿನ ಕೆಳಗೆ ಮಸಿ ಬಳಿದಂತಾಗಿದೆ. ನಿಂತಲ್ಲೇ ಗೋಡೆಗೆ ಭುಜ ಕೊಡುತ್ತಾಳೆ. ಉಪ್ಪು ಹಾಕಿದ ಸಾರಿಗೆ ಮತ್ತೆ ಉಪ್ಪು ಹಾಕುತ್ತಾಳೆ. ಆದರೂ ಆರಾಮ.

ಎರಡು ವರ್ಷದ ಹಿಂದೆ ಗಂಡ ಶಂಕ್ರಪ್ಪನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಮಗ್ಗದಲ್ಲಿ ಆಯುಷ್ಯವಿಡೀ ಸೀರೆ ನೇಯ್ದ ಮನುಷ್ಯ. ದವಾಖಾನೆಯಿಂದ ಬಂದು ಪಡಸಾಲೆಯ ಕಾಟಿನ ಮೇಲೆ ಮಲಗಿದ ಮೇಲೆ ಮಾತು ಒಂದೊಂದಾಗಿ ತೊದಲುತ್ತ ಮರಳಿತು. ತೊದಲಿಲ್ಲದೆ ಬಂದದ್ದು ಹೆಂಡತಿಯ ಹೆಸರು ಮಾತ್ರ. ನೀರಿಗೆ ಕರೆಯುತ್ತಾನೆ, ದಿಂಬು ಸರಿಸಲು ಕರೆಯುತ್ತಾನೆ, ಕಾಲ ಮೇಲೆ ಕೂತ ನೊಣಕ್ಕೂ ಕರೆಯುತ್ತಾನೆ. ಹೆಚ್ಚಿನ ಸಲ ಅವನಿಗೆ ಏನೂ ಬೇಕಿರುವುದಿಲ್ಲ.

‘ಗುರವ್ವಾ, ಅದೀಯೇನ?’

‘ಅದೀನ್ರಿ.’

ಅಷ್ಟು ಸಾಕು. ತುಸು ಹೊತ್ತಿಗೆ ಕರೆದದ್ದನ್ನೇ ಮರೆತು ಮತ್ತೆ ಕರೆಯುತ್ತಾನೆ. ಹಗಲಿಗೂ ರಾತ್ರಿಗೂ ವ್ಯತ್ಯಾಸವಿಲ್ಲ. ಮಗ ವಿಜಯಮಹಾಂತೇಶ ಗ್ರಾನೈಟ್ ಕಾರ್ಖಾನೆಗೆ ಹೋಗುವ ಮೊದಲು ತಂದೆಯನ್ನು ಎತ್ತಿ, ಜಳಕ ಮಾಡಿಸಿ, ಬಟ್ಟೆ ಬದಲಿಸಿಯೇ ಹೋಗುತ್ತಾನೆ. ಅಂಗನವಾಡಿಯಲ್ಲಿ ಕೆಲಸ ಮಾಡುವ ಸೊಸೆ ಅಡುಗೆ ಮುಗಿಸಿಟ್ಟು ಹೋಗುತ್ತಾಳೆ. ರಾತ್ರಿ ತಾವು ನೋಡಿಕೊಳ್ಳುತ್ತೇವೆಂದು ಇಬ್ಬರೂ ಎಷ್ಟೋ ಸಲ ಹೇಳಿ ನೋಡಿದರು. ಆದರೆ ಬೇರೆ ಯಾರು ‘ಏನ್ ಬೇಕ್ರಿ’ ಎಂದರೂ ಶಂಕ್ರಪ್ಪ ಮುಖ ತಿರುಗಿಸಿ ಇನ್ನಷ್ಟು ಜೋರಾಗಿ ಅವಳನ್ನೇ ಕೂಗುತ್ತಾನೆ. ಹೀಗಾಗಿ ಎರಡು ವರ್ಷದಿಂದ ಗುರುಲಿಂಗವ್ವ ಬೇರು ಬಿಡುವಂಥ ಒಂದು ನಿದ್ದೆ ಮಾಡಿಲ್ಲ. ಮೊನ್ನೆ ರಕ್ತದೊತ್ತಡ ನೋಡಿದ ಡಾಕ್ಟರು, ‘ಗುಳಿಗಿ ಹೆಚ್ಚ ಮಾಡಬಹುದವಾ. ಆದ್ರ ನೀ ಹಿಂಗ ನಿದ್ದಿಗೆಟ್ರ ನಿನ್ನ ಗಂಡ ಮಲಗಿದ ಕಾಟಿನ ಬಾಜೂಕ ಇನ್ನೊಂದ ಕಾಟ ಹಾಕಬೇಕಾಕ್ಕೇತಿ’ ಎಂದಿದ್ದರು. ಅದನ್ನು ಅವಳು ಮನೆಯಲ್ಲಿ ಹೇಳಲಿಲ್ಲ.

ಅವಳಿಗಿರುವ ಹೊರಗಿನ ಲೋಕವೆಂದರೆ ವಾಟ್ಸಾಪಿನ ‘ಎಂಟೂಕಾಲರ ಬಸ್ಸು’. ಹುನಗುಂದದ ದವಾಖಾನೆಯೊಂದರಲ್ಲಿ ಅವಳು ಆಯಾ ಆಗಿದ್ದ ಕಾಲದಲ್ಲಿ ದಿನಾಲು ಅದೇ ಬಸ್ಸಿಗೆ ಹೋಗುತ್ತಿದ್ದ ನಾಲ್ವರು ಹೆಂಗಸರ ಗುಂಪು ಅದು. ಸಾಲಿ ಟೀಚರ್ ಆಗಿದ್ದ ಸುನಂದಾ ಈಗ ಬಾಗಲಕೋಟೆಯ ನವನಗರದಲ್ಲಿದ್ದಾಳೆ. ತಾಲೂಕು ಕಚೇರಿಯಲ್ಲಿದ್ದ ಶಿವಗಂಗಾ ಬಾದಾಮಿಯಲ್ಲಿ. ಹೊಲಿಗೆಯ ಅಮೀನಬಿ ಹುನಗುಂದದಲ್ಲೇ, ಮಗನ ಮನೆಯಲ್ಲಿ. ಯಾರೂ ಬರೆಯುವುದಿಲ್ಲ, ಮಾತಾಡಿ ಕಳಿಸುತ್ತಾರೆ. ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ ಮಾತೇ ಮರೆತುಹೋಗುತ್ತದೆ.

ವಯಸ್ಸಾದವರ ಮಾತು ನಿದ್ದೆಯ ಸುತ್ತಲೇ ತಿರುಗುತ್ತದೆ.

‘ಗಸಗಸಿ ಅರದು ಹಾಲಾಗ ಕುದಿಸಿ ಕುಡೀರಿ,’ ಎಂದಳು ಶಿವಗಂಗಾ. ‘ನಾ ನಿನ್ನೆ ಕುಡುದು ಎಂಟಕ್ಕ ಮಲಗಿದ್ನಿ.’

‘ಎದ್ದದ್ದು ಎಷ್ಟಕ್ಕ, ಅದನ್ನ ಹೇಳು,’ ಎಂದಳು ಸುನಂದಾ.

‘ರಾತ್ರಿ ಹತ್ತಕ್ಕ.’

‘ಹಂಗಾರ ಗಸಗಸಿ ದಂಡ.’

‘ನನಗ ನಿದ್ದಿ ಬರ್ತೇತಿ,’ ಎಂದಳು ಅಮೀನಬಿ. ‘ಮಲಗಿದ್ರ ಅಷ್ಟ ಬರೂದಿಲ್ಲ. ಟೀವಿ ಮುಂದ ಕುಂತ್ರ, ಕುಕ್ಕರ್ ಇಟ್ರ, ಮೌತಿನ ಮನಿಗಿ ಅಳಾಕ ಹೋದ್ರ ಬರ್ತೇತಿ. ನಿಂದೇನ ಗುರವ್ವಾ?’

‘ಆರಾಮ,’ ಎಂದಳು ಗುರುಲಿಂಗವ್ವ.

ಒಂದು ಮಧ್ಯಾಹ್ನ ಶಂಕ್ರಪ್ಪನಿಗೆ ಊಟ ಮಾಡಿಸಿ, ಬಾಯಿ ಒರೆಸಿ, ಪಡಸಾಲೆಯ ಗೋಡೆಗೆ ಒರಗಿ ಅವಳು ಫೋನು ಹಿಡಿದಳು. ಹೆಬ್ಬೆರಳು ನೋಯುತ್ತದೆಂದು ಸೊಸೆ ಒಂದು ಉಪಾಯ ಕಲಿಸಿದ್ದಳು. ಮೈಕಿನ ಗುರುತನ್ನು ಮೇಲಕ್ಕೆ ಎಳೆದುಬಿಟ್ಟರೆ ಬೆರಳು ತೆಗೆದರೂ ಅದು ಮಾತು ಹಿಡಿಯುತ್ತಲೇ ಇರುತ್ತದೆ. ಗುರುಲಿಂಗವ್ವ ಹಾಗೇ ಎಳೆದು, ‘ಶಿವಗಂಗಾ, ಗಸಗಸಿ ನಾನೂ ಕುಡುದ ನೋಡಿದ್ನೆವಾ…’ ಎಂದು ಶುರುಮಾಡಿದಳು. ಮುಂದಿನ ಮಾತು ಬರುವ ಮೊದಲೇ ಕುತ್ತಿಗೆ ವಾಲಿತು. ಮಡಿಲಲ್ಲಿ ಬಿದ್ದ ಫೋನು ಮಾತ್ರ ಎಚ್ಚರವಿತ್ತು.

ಎದ್ದಾಗ ಪರದೆಯ ಮೇಲೆ ಗೆರೆ ಇನ್ನೂ ಕುಣಿಯುತ್ತಿತ್ತು. ಗಾಬರಿಯಲ್ಲಿ ಏನನ್ನೋ ಒತ್ತಿದಳು. ಮುಕ್ಕಾಲು ತಾಸಿನ ಮಾತು ಗುಂಪಿಗೆ ಹೊರಟುಹೋಯಿತು. ಅಳಿಸಲು ನೋಡಿದರೆ ಎರಡು ಸಾಲು ಬಂದವು, ಒಂದು ತನಗಷ್ಟೇ ಅಳಿಸುವುದು, ಇನ್ನೊಂದು ಎಲ್ಲರಿಗೂ ಅಳಿಸುವುದು. ತಾನು ಕಳಿಸಿದ್ದನ್ನು ತನ್ನ ಫೋನಿನಲ್ಲಿ ತಾನು ಅಳಿಸಬೇಕು, ಮಂದಿಯ ಫೋನಿಗೆ ಕೈಹಾಕುವುದು ಮರ್ಯಾದೆಯಲ್ಲ ಎಂದುಕೊಂಡು ಅವಳು ಮೊದಲನೆಯದನ್ನು ಒತ್ತಿದಳು. ಮಾತು ಮಾಯವಾಯಿತು. ಸದ್ಯ, ಯಾರೂ ಕೇಳಲಿಲ್ಲ ಎಂದು ಮೇಲೆದ್ದಳು.

ಹುನಗುಂದದಲ್ಲಿ ಅಮೀನಬಿ ಜೋಳ ಹಸನು ಮಾಡುತ್ತ, ತನ್ನ ಫೋನಿನಲ್ಲಿ ಅಳಿಯದೆ ಉಳಿದ ಆ ಮಾತನ್ನು ಹಚ್ಚಿಟ್ಟಿದ್ದಳು. ಗೊರಕೆ ಕೇಳಿ ಮೊದಲು ನಕ್ಕಳು. ಆಮೇಲೆ ಶಂಕ್ರಪ್ಪನ ದನಿ ಬಂತು. ‘ಗುರವ್ವಾ.’ ಗೊರಕೆ ನಿಂತು, ನಿದ್ದೆಯ ಗಂಟಲಿನಿಂದಲೇ ‘ಬಂದ್ನಿ’ ಎಂಬ ಉತ್ತರ. ಮತ್ತೆ ಗೊರಕೆ. ಮತ್ತೆ ‘ಗುರವ್ವಾ, ಅದೀಯೇನ?’ ‘ಅದೀನ್ರಿ.’ ಎಚ್ಚರವಿಲ್ಲದ ಹೆಂಗಸು ಎಚ್ಚರವಿಲ್ಲದೆಯೇ ಪ್ರತಿ ಕರೆಗೂ ಉತ್ತರ ಕೊಡುತ್ತಿದ್ದಳು. ಅಮೀನಬಿ ಮೊರ ಕೆಳಗಿಟ್ಟಳು.

ಅಷ್ಟರಲ್ಲಿ ಸುನಂದಾಳ ಫೋನು. ‘ಕೇಳಿದಿ? ಗುರವ್ವನ ಗೊರಕಿ ಬಾಗಲಕೋಟಿತನಕ ಬಂತು.’

‘ಎಷ್ಟ ಕೇಳಿದಿ?’

‘ಎಲ್ಡ ಮಿನಿಟ.’

‘ಪೂರಾ ಕೇಳು,’ ಎಂದು ಅಮೀನಬಿ ಫೋನಿಟ್ಟಳು.

ಆ ಸಂಜೆ ಗುಂಪಿನಲ್ಲಿ ಯಾರೂ ನಿದ್ದೆಯ ಮಾತು ತೆಗೆಯಲಿಲ್ಲ.

ಮರುದಿನ ಹನ್ನೆರಡರ ಹೊತ್ತಿಗೆ ಅಮೀನಬಿ ಇಳಕಲ್ಲಿನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಆಧಾರ್ ಕಾರ್ಡು ತೋರಿಸಿ ಕೂತು ಬಂದಿದ್ದಳು. ಪಡಸಾಲೆಯ ಕಾಟಿನ ಮೇಲಿದ್ದ ಶಂಕ್ರಪ್ಪನನ್ನು ಮಾತಾಡಿಸಿ ನೇರ ಅಡುಗೆಮನೆಗೆ ನಡೆದಳು.

‘ಮಲಗ ನಡಿ,’ ಎಂದಳು. ‘ಸಂಜಿತನಕ ನಾ ಕುಂದರ್ತೇನಿ.’

‘ನನಗೇನಾಗೇತಿ? ಆರಾಮ ಅದೀನಿ.’

‘ಆ ಮಾತ ಬಾಯಾಗಿಂದ ತಗಿ ಮೊದ್ಲ. ಇನ್ನ ಮ್ಯಾಲ ಮಂಗಳವಾರ, ಶನಿವಾರ ನಾ ಬರಾಕಿ.’

ಗುರುಲಿಂಗವ್ವ ಚಹಾದ ಪಾತ್ರೆ ಒಲೆಯ ಮೇಲಿಟ್ಟಳು. ಅವರ ಕಡೆ ಬೇಸಗೆಯಲ್ಲಿ ಶಾವಿಗೆ ಮಾಡುವಾಗ ಹೆಂಗಸರು ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ. ನನ್ನ ಮನೆಗೆ ಒಂದು ದಿನ ನೀನು ಬಂದರೆ ನಿನ್ನ ಮನೆಗೆ ಒಂದು ದಿನ ನಾನು ಬರಲೇಬೇಕು. ಅದು ಮುಯ್ಯಿ. ತೀರಿಸಲಾಗದವಳು ಯಾರನ್ನೂ ಕರೆಯಬಾರದು.

‘ಈ ಮುಯ್ಯಿ ನಾ ಹೆಂಗ ತೀರಸ್ಲೆವಾ?’ ಎಂದಳು. ‘ಹೊಸ್ತಿಲ ದಾಟೂದ ಆಗೂದಿಲ್ಲ ನನಗ. ನಿನ್ನ ಮನಿಗಿ ಯಾವಾಗ ಬರ್ಲಿ?’

‘ನೀ ಬಂದ ಏನ ಮಾಡತಿ? ಮಗ, ಸೊಸಿ ಕೆಲಸಕ್ಕ, ಹುಡುಗ್ರು ಸಾಲಿಗಿ. ನಮ್ಮ ಮನ್ಯಾಗ ಮಧ್ಯಾಹ್ನ ಅನ್ನೂದು ಮುಗಿಯೂದ ಇಲ್ಲ. ನನ್ನ ಕಡೆ ಹೊತ್ತು ಹೆಚ್ಚಾಗೇತಿ, ನಿನ್ನ ಕಡೆ ಇಲ್ಲ. ನನ್ನ ಹೊತ್ತ ಖರ್ಚ ಮಾಡಿಸಿದ್ರ ಅದ ಮುಯ್ಯಿ ತೀರಿಸಿದಂಗ.’

‘ಅವರು ಒಪ್ಪೂದಿಲ್ಲ. ಕರದ್ರ ನಾನ ಬೇಕ ಅವರಿಗಿ.’

‘ಎಷ್ಟ ಕರೀತಾರ ಅನ್ನೂದು ನನಗ ಗೊತ್ತೈತಿ,’ ಎಂದು ಅಮೀನಬಿ ಫೋನು ತೆಗೆದಳು. ಅಳಿಸಿಹೋಯಿತೆಂದುಕೊಂಡ ಆ ಮಧ್ಯಾಹ್ನ ಅಡುಗೆಮನೆಯಲ್ಲಿ ಮತ್ತೆ ಶುರುವಾಯಿತು. ಗುರುಲಿಂಗವ್ವ ‘ಬಂದ್ ಮಾಡು, ಬಂದ್ ಮಾಡು’ ಎಂದು ಕೈ ಚಾಚಿದಳು. ಕಿವಿ ಮಂದವಾದ ಅಮೀನಬಿ ಯಾವತ್ತೂ ದನಿ ಪೂರ್ತಿ ಏರಿಸಿಟ್ಟುಕೊಂಡವಳು. ‘ಗುರವ್ವಾ.’ ‘ಬಂದ್ನಿ.’ ‘ಗುರವ್ವಾ.’ ‘ಅದೀನ್ರಿ.’ ಪಡಸಾಲೆಗೂ ಕೇಳಿಸುತ್ತಿತ್ತು.

ಅದು ನಿಂತ ಮೇಲೆ ಕಾಟಿನಿಂದ ದನಿ ಬಂತು. ‘ಯಾರದು, ಕರ್ಯಾಕತ್ತಿದ್ದು?’

ಇಬ್ಬರೂ ಹೊರಗೆ ಬಂದರು. ‘ನೀವ್ರಿ ಅಣ್ಣಾರ,’ ಎಂದಳು ಅಮೀನಬಿ.

‘ಅಷ್ಟು ಸಲ?’

ಶಂಕ್ರಪ್ಪ ಎಡಗೈಯಿಂದ ಹೊದಿಕೆಯ ಅಂಚು ಹಿಡಿದು, ನೂಲು ಎಣಿಸುವವನಂತೆ ಬೆರಳಾಡಿಸಿದ. ಆಮೇಲೆ ತೊದಲುತ್ತ, ತಡೆದು ತಡೆದು ಹೇಳಿದ: ‘ಕಣ್ಣ ಮುಚ್ಚಿದ್ರ… ಮಗ್ಗದ ಕುಣಿ ಆಳ ಆಕ್ಕೋತ ಹೊಕ್ಕೇತ್ರಿ ಅಕ್ಕಾರ. ನಾ ಒಳಗ ಇಳದಂಗ. ಕರದ್ರ… ಮ್ಯಾಲ ಆಕಿ ಇರ್ತಾಳ.’

ಗುರುಲಿಂಗವ್ವ ಇದನ್ನು ಮೊದಲ ಸಲ ಕೇಳುತ್ತಿದ್ದಳು. ಅವನು ಹೇಳಿರಲಿಲ್ಲ, ಅವಳಿಗೆ ಕೇಳಲು ಪುರುಸೊತ್ತು ಸಿಕ್ಕಿರಲಿಲ್ಲ.

ಅಮೀನಬಿ ಕುರ್ಚಿ ಎಳೆದು ಕಾಟಿನ ಪಕ್ಕ ಹಾಕಿಕೊಂಡಳು. ‘ನಾನೂ ಮ್ಯಾಲ ಕುಂತಿರ್ತೇನ್ರಿ. ಕರೀರಿ, ಓ ಅಂತೇನಿ. ಇಲ್ಲಂದ್ರ ನೋಡ್ರಿ, ನಾಳಿಗಿ ನೀವ ಕರದಾಗ ಓ ಅನ್ನಾಕ ಈಕಿ ಇರೂದಿಲ್ಲ.’

ಅಷ್ಟು ಬಿರುಸು ಬೇಡವಿತ್ತು ಎಂದು ಅವಳಿಗೇ ಅನ್ನಿಸಿರಬೇಕು, ಸೆರಗು ಸರಿಮಾಡಿಕೊಂಡಳು. ಶಂಕ್ರಪ್ಪ ಹೆಂಡತಿಯ ಮುಖ ನೋಡಿದ. ದಿನಾಲು ಕಣ್ಣ ಮುಂದಿದ್ದ ಮುಖವನ್ನು ಬಹಳ ಹೊತ್ತು ನೋಡಿ, ‘ಹೋಗ,’ ಎಂದ. ‘ಮಲಗ.’

ಹೇಳಿದಷ್ಟು ಸುಲಭವಾಗಲಿಲ್ಲ. ಮೊದಲ ದಿನ ಅವನು ‘ಗುರವ್ವಾ’ ಎಂದ ಕೂಡಲೇ ಅವಳು ಒಳಗಿನಿಂದ ಎದ್ದು ಬಂದಳು. ಎರಡನೆಯ ಸಲ ಕರೆದಾಗ ಅಮೀನಬಿ ಬಾಗಿಲಿಗೆ ಕುರ್ಚಿ ಅಡ್ಡ ಹಾಕಿ ಕೂತಳು. ಗುರುಲಿಂಗವ್ವ ಹಾಸಿಗೆಯ ಮೇಲೆ ಕಣ್ಣು ತೆರೆದುಕೊಂಡೇ ಬಿದ್ದಿದ್ದಳು. ದಣಿವು ಎಲುಬಿನಲ್ಲಿತ್ತು, ನಿದ್ದೆ ಮಾತ್ರ ದಾರಿ ಮರೆತಿತ್ತು. ಹೊರಗೆ ಮಾತು ಕೇಳುತ್ತಿತ್ತು.

‘ಗುರವ್ವಾ.’

‘ಓ, ಅದೀನ್ರಿ ಅಣ್ಣಾರ.’

‘ನೀವಲ್ಲ.’

‘ಇವತ್ತ ನಾನ. ನೀರ ಬೇಕೇನ್ರಿ?’

‘ಬ್ಯಾಡ.’ ಸ್ವಲ್ಪ ಹೊತ್ತಿನ ಮೇಲೆ, ‘ಅದೀರೇನ?’

‘ಅದೀನ್ರಿ. ಎಲ್ಲಿ ಹೋಗ್ಲಿ, ನನ್ನ ಬಸ್ಸ ಆರಕ್ಕೈತಿ.’

ಶನಿವಾರ, ಮಂಗಳವಾರ, ಮತ್ತೆ ಶನಿವಾರ ಬಂತು. ಅಂದು ಶಂಕ್ರಪ್ಪ ಕರೆದ, ಅಮೀನಬಿ ಓಗೊಟ್ಟಳು, ಒಳಗಿನಿಂದ ಸದ್ದಿಲ್ಲ. ಅಮೀನಬಿ ಇಣುಕಿ ನೋಡಿದಳು. ಗುರುಲಿಂಗವ್ವ ಒಂದು ಕೈ ತಲೆಯ ಕೆಳಗೆ ಸಿಕ್ಕಿಸಿಕೊಂಡು, ಬಾಯಿ ಅರೆ ತೆರೆದು, ಕೆರೆಯ ತಳಕ್ಕೆ ಹಾಕಿದ ಕಲ್ಲಿನಂತೆ ಮಲಗಿದ್ದಳು. ಮರಳಿ ಬಂದು ಏನೋ ಹೇಳಹೊರಟವಳಿಗೆ ಶಂಕ್ರಪ್ಪ ಎಡಗೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದ. ಆಮೇಲೆ ಅವನು ಕರೆದದ್ದೆಲ್ಲ ಪಿಸುಮಾತಿನಲ್ಲಿ. ಕಿವಿ ಮಂದವಾದ ಅಮೀನಬಿ ಅವನ ತುಟಿ ನೋಡಿಕೊಂಡೇ ಕೂರಬೇಕಾಯಿತು.

ಬಿಸಿಲು ಇಳಿದ ಮೇಲೆ ಗುರುಲಿಂಗವ್ವ ದಡಬಡಿಸಿ ಎದ್ದಳು. ಮಂದ ಬೆಳಕು ನೋಡಿ, ಎಷ್ಟು ಹೊತ್ತಾಗಿಬಿಟ್ಟಿತೆಂದು ಸೀದಾ ಬಚ್ಚಲಿಗೆ ಹೋಗಿ ಬಕೆಟ್ಟಿನಲ್ಲಿ ನೀರು ಹಿಡಿದು, ಅಂಗಳಕ್ಕೆ ಚಿಮುಕಿಸಿ, ಕಸ ಹೊಡೆದು, ರಂಗೋಲಿಯ ಬಟ್ಟಲು ಹಿಡಿದು ಕುಕ್ಕರಗಾಲಲ್ಲಿ ಕೂತಳು. ಎದುರುಮನೆಯವಳು ಕಟ್ಟೆಯ ಮೇಲಿಂದ ಪಿಳಿಪಿಳಿ ನೋಡಿದಳು.

‘ಏನ ನಡಸೀಯವಾ?’ ಎಂದಳು ಬಸ್ಸಿಗೆ ಹೊರಟು ಬಾಗಿಲಿಗೆ ಬಂದ ಅಮೀನಬಿ.

‘ನೀ ಇಷ್ಟ ಮುಂಜಾನಿ ನಸಿಕಿಲೆ ಹೆಂಗ ಬಂದಿ?’

ಒಳಗಿನಿಂದ ಶಂಕ್ರಪ್ಪನ ನಗೆ ಕೇಳಿತು, ಒಂದೇ ಕಡೆಯ ತುಟಿಯಿಂದ ಸೋರುವ ನಗೆ. ‘ಸಂಜಿ ಆಗೇತಿ,’ ಎಂದ.

ಗುರುಲಿಂಗವ್ವ ಆಕಾಶ ನೋಡಿದಳು, ಬೀದಿ ನೋಡಿದಳು. ಓಣಿಯ ಹುಡುಗರು ಸಂಜೆಯ ಕ್ರಿಕೆಟ್ ಆಡುತ್ತಿದ್ದರು. ಬೆರಳಿನಿಂದ ಹಿಟ್ಟು ಸಣ್ಣಗೆ ಸುರಿಯುತ್ತಲೇ ಇತ್ತು. ಹಾಕಿದ ಚುಕ್ಕಿ ಅಳಿಸುವುದು ಬೇಡವೆಂದು ಉಳಿದ ಎಳೆಗಳನ್ನೂ ಎಳೆದಳು.

‘ಇರ್ಲಿ ಬಿಡು,’ ಎಂದಳು ಏಳಲು ಅಮೀನಬಿಯ ಕೈ ಹಿಡಿದು. ‘ನಾಳಿಗಿ ಹಾಕೂದು ಇವತ್ತ ಆತು. ಮುಂಜಾನಿ ಇನ್ನೊಂದ ಸ್ವಲ್ಪ ಮಲಗ್ತೇನಿ.’