ಟ್ಯಾಂಕಿನ ಬಾಯಲ್ಲಿ ನಿಂತ ಅಕ್ಕಾರು

ನಮ್ಮ ಕಬ್ಬಿನ ಸೀಮೆಯಲ್ಲಿ ಬೆಲ್ಲ, ಸಕ್ಕರೆ ಬಲ್ಲವರಿಗೇನೂ ಬರವಿಲ್ಲ. ಆದರೆ ಬಣ್ಣವಿಲ್ಲದ, ವಾಸನೆಯಿಲ್ಲದ ನೈಟ್ರೋಜನ್ನನ್ನು ಪಳಗಿಸಿದವರು ಯಾರೆಂದು ಕೇಳಿ ನೋಡಿ; ಜಮಖಂಡಿಯಿಂದ ಬೀಳಗಿಯವರೆಗೆ ಡಿಸ್ಟಿಲರಿಯವರೆಲ್ಲ ಶೈಲಾ ಅಕ್ಕಾರ ಹೆಸರನ್ನೇ ಹೇಳುತ್ತಾರೆ. ನಮ್ಮ ಕಾರ್ಖಾನೆಯ ಸುರಕ್ಷತಾಧಿಕಾರಿಯಾದ ಅವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರು ನಮ್ಮವರೆಂಬ ಹೆಮ್ಮೆಯನ್ನು ನಾವೇಕೆ ಮುಚ್ಚಿಡಬೇಕು?

ಸಾವಳಗಿಯ ಬೀರೇಶ್ವರನ ಒಕ್ಕಲಿನಲ್ಲಿ ಹುಟ್ಟಿ, ರಸಾಯನಶಾಸ್ತ್ರ ಓದಿ ಬಂದ ಅವರನ್ನು ಕಂಡು, ಹೆಣ್ಣುಮಗಳು ಟ್ಯಾಂಕ್ ಹತ್ತುವಳೇ ಎಂದು ನಕ್ಕವರಿದ್ದರು. ಅಕ್ಕಾರು ಹತ್ತಿದರು, ನಕ್ಕವರನ್ನೂ ಹತ್ತಿಸಿದರು. ಹೊಸಬರು ಬಂದರೆ ಉಬ್ಬಿದ ಚಿಪ್ಸ್ ಪೊಟ್ಟಣವೇ ಅವರ ಪಠ್ಯಪುಸ್ತಕ. "ಇದರಾಗ ತುಂಬಿದ್ದು ನೈಟ್ರೋಜನ್ನರಿ, ಅದಕ್ಕ ಚಿಪ್ಸ್ ಕಮಟಾಗೂದಿಲ್ಲ. ದನದ ದವಾಖಾನ್ಯಾಗ ಹೋರಿ ಬೀಜ ಕೆಡದಂಗ ಕಾಯೂದೂ ಇದ, ಭಾಳ ತಂಪ ಮಾಡಿ ನೀರಿನಂಗ ಮಾಡಿದ್ದು," ಎನ್ನುವರು. ಪಾಠ ಮುಗಿದ ಮೇಲೆ ಚಿಪ್ಸ್ ಕೇಳಿದವರ ಪಾಲು.

ಹೊಸ ಎಥನಾಲ್ ಟ್ಯಾಂಕಿನ ಪೂಜೆಯ ದಿನವನ್ನು ನಾವಾರೂ ಮರೆತಿಲ್ಲ. ಬೆಂಕಿಯ ಭಯ ತಪ್ಪಲೆಂದು ಒಳಗಿನ ಗಾಳಿಯನ್ನು ಹೊರದಬ್ಬಿ ನೈಟ್ರೋಜನ್ ತುಂಬಿಸಲಾಗಿತ್ತು. ಹಿರಿಯ ಮೇಸ್ತ್ರಿ ಗಿರಮಲ್ಲಪ್ಪನವರು ರನ್ನ ಬೆಳಗಲಿಯವರು. ಅವರ ಊರಲ್ಲಿ ಜೋಳ ತುಂಬುವ ನೆಲದೊಳಗಿನ ಹಗೇವಿಗೆ ಮೊದಲು ಒಬ್ಬ ಇಳಿದು ವಿಭೂತಿ ಹಚ್ಚಬೇಕು. ಟ್ಯಾಂಕೂ ಹಗೇವೇ ಅಲ್ಲವೇ ಎಂದು ಅವರು ಮುಚ್ಚಳ ಬಿಚ್ಚಿಸಿ, ಸೋದರಳಿಯ ಫಿಟ್ಟರ್ ಮಾಳುವನ್ನು ಇಳಿಯಲು ಕಳುಹಿದರು.

ಅಕ್ಕಾರು ಬಂದಾಗ ಮಾಳುವಿನ ಒಂದು ಕಾಲು ಆಗಲೇ ಒಳಗಿತ್ತು. ಕಾವಲುಗಾರನಿಗೂ ಬಹುವಚನ ಬಿಡದ ಆ ತಾಯಿ, "ಕಾಲ ತಗೀಲೇ ಮಾಳ್ಯಾ!" ಎಂದು ಗುಡುಗಿ, ಏಣಿ ಏರಿ ಅವನ ಕಾಲರ್ ಹಿಡಿದೆಳೆದರು.

"ಪೂಜಿಗಿ ಅಡ್ಡ ಬರಬ್ಯಾಡ್ರಿ ಅಕ್ಕಾರ," ಗಿರಮಲ್ಲಪ್ಪ ಸಿಡಿದರು. "ವಿಷ ಏನಾರ ತುಂಬೀರೇನು?"

"ವಿಷ ಅಲ್ಲರಿ ಕಾಕಾ. ನಾವು ಉಸುರಾಡೂ ಗಾಳ್ಯಾಗ ಮುಕ್ಕಾಲಕ್ಕಿಂತ ಹೆಚ್ಚು ಇದ ಐತಿ. ಆದ್ರ ಇದೊಂದ ಇದ್ರ, ಇಳದಾವ ಕೂಗೂದರೊಳಗ ಕುಸೀತಾನ."

ಮುದುಕರು ನಂಬಲಿಲ್ಲ. ಅಕ್ಕಾರು ಗೇಟಿನಾಚೆಯ ಕಟ್ಟೆಗೆ ಅವರನ್ನು ಕರೆದೊಯ್ದು, ಗಾಜಿನ ಜಾಡಿಗೆ ಅದೇ ನೈಟ್ರೋಜನ್ ತುಂಬಿ, ಉರಿಯುವ ಊದುಬತ್ತಿ ಅವರ ಕೈಗೇ ಕೊಟ್ಟರು. ಜಾಡಿಯೊಳಗೆ ಇಳಿಸಿದ್ದೇ ತಡ, ಕಿಡಿ ಆರಿತು.

"ಹಗೇವಿನ್ಯಾಗ ಬಿಟ್ಟ ಕಂದೀಲು ಆರಿದ್ರ ಏನ ಮಾಡ್ತೀರಿ ಕಾಕಾ?"

"ಯಾರನ್ನೂ ಇಳಸೂದಿಲ್ಲವಾ," ಎಂದವರೇ ಗಿರಮಲ್ಲಪ್ಪ ಅಳಿಯನನ್ನು ತಬ್ಬಿ ಅತ್ತುಬಿಟ್ಟರು. ಅಂದು ವಿಭೂತಿ ಟ್ಯಾಂಕಿನ ಹೊರಮೈಗೇ ಬಿತ್ತು. ಮೊದಲ ಕಾಯಿ ಒಡೆಯುವ ಹಿರಿಯರ ಹಕ್ಕನ್ನು ಮುದುಕರು ಅಕ್ಕಾರ ಕೈಗಿತ್ತರು. ಪ್ರತಿವರ್ಷದ ಟ್ಯಾಂಕ್ ಪೂಜೆಗೆ ಇಂದಿಗೂ ಅದೇ ಪದ್ಧತಿ.

ಬೀರೇಶ್ವರನು ಅಕ್ಕಾರಿಗೆ ನೂರು ವರ್ಷ ಆಯುಷ್ಯ ಕೊಡಲಿ. ಅವರ ಚಿಪ್ಸ್ ಪಾಠ ಊರೂರ ಸಾಲೆಗಳಲ್ಲಿ ನಡೆಯಲಿ. ಬೀಳ್ಕೊಡುಗೆಗೆ ಕೋಲೂರಿಕೊಂಡು ಬಂದಿದ್ದ ಗಿರಮಲ್ಲಪ್ಪನವರ ಮಾತೇ ನಮ್ಮೆಲ್ಲರ ಮಾತು: "ವರ್ಷಾ ಪೂಜಿಗಿ ಬರಬೇಕ್ರಿ ಅಕ್ಕಾರ. ನೀವು ಬರೂತನಕ ಮಾಳು ಕಾಯಿ ಹಿಡಕೊಂಡ ನಿಂತಿರ್ತಾನ."