ಅವ್ವನ ಬೀಜದ ಗಡಿಗೆ

ಎಂಬತ್ತರ ದಶಕದ ಮಾತು. ಗಂಗಾವತಿಯ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರದ ಮಾಸ್ತರ. ಬಹುರಾಷ್ಟ್ರೀಯ ಕಂಪನಿಗಳು ಹೇಗೆ ಬೆಳೆಯುತ್ತವೆ ಎಂಬ ಸಿದ್ಧಾಂತ ನನಗೆ ಬಾಯಿಪಾಠ. ಬೇರೆಯವರಿಗಿಲ್ಲದ ಒಂದು ಗುಟ್ಟು ಕಂಪನಿಯ ಹತ್ತಿರ ಇರುತ್ತದೆ. ಗುಟ್ಟನ್ನೇ ಮಾರಿದರೆ ಕೊಂಡವನು ನಾಳೆ ಎದುರಾಳಿ. ಅದಕ್ಕೇ ಗುಟ್ಟು ತನ್ನಲ್ಲಿಟ್ಟುಕೊಂಡು, ದೇಶದೇಶಕ್ಕೆ ತಾನೇ ಹೋಗಿ ಸರಕು ಮಾರುತ್ತದೆ. ಉದಾಹರಣೆಗೆ ಹೈಬ್ರಿಡ್ ಬೀಜ: ಮೂಲ ತಳಿ ಕಂಪನಿಯಲ್ಲೇ ಉಳಿಯುತ್ತದೆ, ಬೆಳೆದ ಕಾಳನ್ನು ಮತ್ತೆ ಬಿತ್ತಿದರೆ ಮೊದಲಿನ ಬೆಳೆ ಬಾರದು, ರೈತ ಪ್ರತಿವರ್ಷ ಅಂಗಡಿಗೆ ಬರಲೇಬೇಕು. ಹುಡುಗರು ಬರೆದುಕೊಳ್ಳುತ್ತಿದ್ದರು. ಎಂಥ ಶಾಣ್ಯಾ ನಾನು!

ಬೇವೂರಿನ ಹತ್ತಿರದ ನಮ್ಮೂರಲ್ಲಿ ಅವ್ವ ಪ್ರತಿ ಸುಗ್ಗಿಗೆ ಸಜ್ಜೆಯ ದಪ್ಪ ತೆನೆ ಆರಿಸಿ, ಕಾಳಿಗೆ ಬೂದಿ, ಬೇವಿನ ಸೊಪ್ಪು ಬೆರೆಸಿ ಗಡಿಗೆಯಲ್ಲಿಡುತ್ತಿದ್ದಳು. ಬೀಜ ಮಾರಬಾರದೆಂಬುದು ಅವಳ ನೇಮ. ಕೇಳಿದವರಿಗೆಲ್ಲ ಮೊರ ತುಂಬಿ ಕೊಡುವಳು. ಗಂಡ ಸತ್ತವಳೆಂದು ಮದುವೆಮನೆಗೆ ಕರೆಯದ ಊರು, ಬಿತ್ತುವ ಮೊದಲು ಮಾತ್ರ ಅವಳ ಬಾಗಿಲಿಗೆ ಬರುತ್ತಿತ್ತು. ಅವಳಿಗಿದ್ದ ಮರ್ಯಾದೆ ಅದೊಂದೇ.

ಒಂದು ವರ್ಷ ನಾನೇ ಪರದೇಶಿ ಕಂಪನಿಯ ಸಜ್ಜೆ ಬೀಜದ ಚೀಲ ಒಯ್ದು ಕೊಟ್ಟೆ. ಬೆಳೆ ಭರ್ಜರಿ. "ಎಂಥಾ ತೆನಿ ನೋಡಪಾ!" ಎಂದು ಅವ್ವ ಹಿಗ್ಗಿದಳು. ನಾನು ಬಸ್ಸು ಹತ್ತಿದೆ. ಅವಳು ಗಡಿಗೆಯ ಹಳೆಯ ಬೀಜವನ್ನೆಲ್ಲ ಬೀಸಿ ರೊಟ್ಟಿ ಬಡಿದು, ಆ ಹೊಸ ತೆನೆಗಳ ಕಾಳು ತುಂಬಿಟ್ಟಳು. ಮುಂದಿನ ಮುಂಗಾರಿಗೆ ಹತ್ತು ಮನೆಗೆ ಕೊಟ್ಟಳು.

ತೆನೆಗಟ್ಟುವ ಹೊತ್ತಿಗೆ ಊರಿಗೆ ಬಂದು ಆ ಮನೆಗಳವರ ಹೊಲ ಸುತ್ತಿದೆ. ಒಂದು ಗಿಡ ಎದೆಯೆತ್ತರ, ಪಕ್ಕದ್ದು ಮೊಣಕಾಲುದ್ದ, ತೆನೆಯೊಳಗೆ ಅರ್ಧ ಜೊಳ್ಳು.

"ಮುದುಕಿ ಛಲೋದು ತಾ ಇಟ್ಕೊಂಡು ನಮಗ ಕೆಟ್ಟದ್ದು ಕೊಟ್ಟಾಳ" ಎಂದರು ಮಂದಿ. ಅವಳ ಹೊಲವೂ ಹಾಗೇ ಇತ್ತು. ಯಾರು ನೋಡಬೇಕು?

ತಪ್ಪು ನಿನ್ನದಲ್ಲ ಎಂದು ಅವ್ವನಿಗೆ ನನ್ನ ಪಾಠವನ್ನೆಲ್ಲ ಒಪ್ಪಿಸಿದೆ.

"ಇದು ನಿನಗ ಮೊದಲ ಗೊತ್ತಿತ್ತೇನು?"

"ಹೂಂ. ವರ್ಷಾ ವರ್ಷಾ ಕಲಿಸ್ತೀನವ್ವಾ."

"ಮಂದಿ ಮಕ್ಕಳಿಗೆ ಹೇಳಿದಿ. ನನಗೊಂದು ಮಾತು ಹೇಳಾಕ ಆಗ್ಲಿಲ್ಲೇನಪಾ?"

ದೀಪದ ಬುಡಕ್ಕೆ ಕತ್ತಲೆ ಅಂತಾರಲ್ಲ, ಥೂ! ಅವ್ವನಿಗೂ ಅದನ್ನು ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಮುಂದಿನ ಬಿತ್ತಿಗೆಗೆ ಅವಳ ಬಾಗಿಲಿಗೆ ಯಾರೂ ಬರಲಿಲ್ಲ. ಊರೆಲ್ಲ ಯಲಬುರ್ಗಿಯ ಬೀಜದಂಗಡಿಯ ಮುಂದಿತ್ತು. ಅವ್ವ ಮೊರ ಗೋಡೆಗೆ ಒರಗಿಸಿ, ನನ್ನ ಕೈಗೆ ಖಾಲಿ ಚೀಲ ಕೊಟ್ಟಳು.

"ಹೋಗು, ನಮಗೂ ತಗೊಂಡ್ಬಾ."