ಇಳಿಜಾರಿನ ಅಳತೆ

ಸಿಂದಗಿಯಲ್ಲಿ ನಮ್ಮ ಓಣಿಯ ತುದಿಗಿದ್ದ ಒಂದು ಕಚೇರಿಗೆ ಮೊದಲು ಬರೀ ಮೆಟ್ಟಿಲುಗಳಿದ್ದವು. ನನ್ನಂಥ ಗಾಲಿಕುರ್ಚಿಯವರಿಗೆಂದು ಪಕ್ಕದಲ್ಲಿ ಇಳಿಜಾರು ಕಟ್ಟಿದರು. ಬೀದಿ ದನಗಳು ಅದನ್ನೇ ಹತ್ತಿ ವರಾಂಡದ ನೆರಳಲ್ಲಿ ಮಲಗತೊಡಗಿದವು. ದನ ಬರದಿರಲೆಂದು ಇಳಿಜಾರಿನ ಬುಡಕ್ಕೆ ಕಬ್ಬಿಣದ ಪೈಪನ್ನು ಸೊಂಟದೆತ್ತರಕ್ಕೆ ಅಡ್ಡ ಹಾಕಿ ಬೆಸುಗೆ ಹೊಡೆಸಿದರು.

ಇಂಥ ಸೌಕರ್ಯಗಳನ್ನು ಅಳೆಯಲು ಒಬ್ಬ ಎಂಜಿನಿಯರು ಬಂದಾಗ ನನ್ನನ್ನೂ ಕರೆಸಿದರು. ಅವರು ಟೇಪು ಹಿಡಿದು ಅಗಲ, ಏರು ಎಲ್ಲ ನೋಡಿದರು.

"ಭಾರಿ ಕಟ್ಯಾರ್ರಿ. ಅಳತಿ ಬರೋಬ್ಬರಿ ಐತಿ."

"ಈ ಪೈಪ್ ದಾಟೂದು ಹ್ಯಾಂಗ್ರಿ?" ಎಂದೆ.

"ಅಕ್ಕಾರ, ಅದು ದನಕ್ಕ ಹಾಕಿದ್ದು. ನಿಮಗಲ್ರಿ."

ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಕಚೇರಿಯವರು ನನ್ನನ್ನು ಕುರ್ಚಿ ಸಮೇತ ಎತ್ತಿ ಪೈಪಿನ ಆಚೆ ಇಳಿಸಿದರು. ಇಳಿಜಾರಿನ ಮೇಲೆ ನಾನಿರುವ ಫೋಟೊ ಬೇಕಿತ್ತಂತೆ. ಫೋಟೊ ಆದದ್ದೇ ತಡ, ಎಂಜಿನಿಯರನ್ನು ಕರೆದುಕೊಂಡು ಎಲ್ಲರೂ ಊಟಕ್ಕೆ ಹೊರಟರು.

"ನನ್ನ ಇಳಸ್ರಿ!" ಎಂದು ಚೀರಿದೆ. ಜೀಪಿನ ಸದ್ದಿಗೆ ಯಾರಿಗೂ ಕೇಳಲಿಲ್ಲ.

ಮೇಲೆ ವರಾಂಡಕ್ಕೆ ಹೋದರೆ ಹೊರಬರಲು ಮೆಟ್ಟಿಲು, ಕೆಳಗೆ ಬಂದರೆ ಪೈಪು. ನಡುವೆ ಬಿಸಿಲಲ್ಲಿ ನಾನು. ಅಷ್ಟರಲ್ಲಿ ಒಂದು ಎಮ್ಮೆ ಬಂತು. ಪೈಪಿಗೆ ಕುತ್ತಿಗೆ ತಿಕ್ಕಿ, ನನ್ನನ್ನೊಮ್ಮೆ ನೋಡಿ, ತನಗೆ ಬೇಕಾದತ್ತ ನಡೆದುಹೋಯಿತು.